ಇಂಗ್ಲಿಷ್ ಗಂಡು ಹೆಸರುಗಳ ಅರ್ಥ: ಒಂದೊಂದು ಪಟ್ಟಿಯಲ್ಲಿ ಒಂದೊಂದು ಕಥೆ, ಯಾವುದನ್ನು ನಂಬೋದು?

ನಿಘಂಟುಪ್ರಿಯ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಗಂಡು ಹೆಸರುಗಳ ಒಂದು ಪುಟ್ಟ ಕೋಶ ಕನ್ನಡದಲ್ಲಿ ತಯಾರಾಗುತ್ತಿದೆ. ಅನುವಾದಕರಿಗೆ, ಪತ್ರಿಕೆಗಳ ಡೆಸ್ಕಿನವರಿಗೆ, ಮಗುವಿಗೆ ಹೆಸರು ಹುಡುಕುವ ಕ್ರೈಸ್ತ ಮನೆಗಳಿಗೆ ಉಪಯೋಗಕ್ಕೆ ಬರಲಿ ಅಂತ. ಸುಮಾರು 200 ಹೆಸರು. ಒಂದೊಂದಕ್ಕೂ ಮೂಲ ಭಾಷೆ, ಅರ್ಥ, ಕನ್ನಡದಲ್ಲಿ ಬರೆಯುವ ರೂಪ ಕೊಡಬೇಕು.

ತೊಡಕಿರುವುದು ಅರ್ಥದ ಕಾಲಂನಲ್ಲಿ. ನೈಜಲ್ ಅಂದರೆ ಒಂದು ಕಡೆ ‘ಕಪ್ಪು’, ಇನ್ನೊಂದು ಕಡೆ ‘ವೀರ’. ಆಲಿವರ್‌ಗೆ ‘ಆಲಿವ್ ಮರ’ ಅಂತಲೂ ಇದೆ, ಯಾವುದೋ ‘ಸೈನ್ಯ’ ಅಂತಲೂ ಇದೆ. ಜೇಡನ್ ಹೀಬ್ರೂ ಹೆಸರಂತೆ, ಅರ್ಥ ‘ಕೃತಜ್ಞ’ ಅಂತೆ. ವಿಲಿಯಂ ಎದುರು ‘ದೃಢಸಂಕಲ್ಪದ ರಕ್ಷಕ’ ಅಂತ ಬರೆದಿದ್ದಾರೆ, ಓದಿದರೆ ಯಾರೋ ಹೊಸದಾಗಿ ಕಟ್ಟಿದ ಬಿರುದಿನ ಹಾಗಿದೆ. ಜೇಮ್ಸ್ ಮತ್ತು ಜೇಕಬ್ ಒಂದೇ ಹೆಸರು ಅನ್ನುವುದು ನಿಜವೇ? ವಿಲಿಯಂ ಅನ್ನುವವನು ಬಿಲ್ ಆಗುವುದು, ರಿಚರ್ಡ್ ಅನ್ನುವವನು ಡಿಕ್ ಆಗುವುದು ಯಾವ ಲೆಕ್ಕ? ಕನ್ನಡ ಬೈಬಲಿನ ರೂಪಗಳನ್ನೂ ಕೊಡಬೇಕೇ? ತಿಳಿದವರು ದಾರಿ ತೋರಿಸಿ.

ಬೇರುಬಿಳಲು

ನಿಘಂಟುಪ್ರಿಯ ಅವರೇ, ಅರ್ಥದ ಕಾಲಂ ತುಂಬುವ ಮೊದಲು ಇನ್ನೊಂದು ಕಾಲಂ ಮಾಡಿಕೊಳ್ಳಿ: ಈ ಹೆಸರು ಇಂಗ್ಲೆಂಡಿಗೆ ಯಾವಾಗ, ಯಾರ ಜತೆ ಬಂತು? ಅದು ಗೊತ್ತಾದರೆ ಅರ್ಥದ ಜಗಳ ಮುಕ್ಕಾಲು ಪಾಲು ತಾನೇ ತೀರುತ್ತದೆ.

ಅತ್ಯಂತ ಹಳೆಯ ಪದರ ಆಂಗ್ಲೋ-ಸ್ಯಾಕ್ಸನ್ನರದು, ಅಂದರೆ ನಾರ್ಮನ್ನರಿಗಿಂತ ಮುಂಚೆ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಹಳೆಯ ಇಂಗ್ಲಿಷ್ ಜನರದು. ಅವರ ಹೆಸರು ಎರಡು ತುಂಡಿನ ಜೋಡಣೆ. ಏಆಡ್ ಅಂದರೆ ಸಂಪತ್ತು, ಭಾಗ್ಯ. ಅದಕ್ಕೆ ಕಾವಲುಗಾರ ಅನ್ನುವ ವೆಆರ್ಡ್ ಸೇರಿದರೆ ಎಡ್ವರ್ಡ್, ರಕ್ಷಣೆ ಅನ್ನುವ ಮುಂಡ್ ಸೇರಿದರೆ ಎಡ್ಮಂಡ್, ಗೆಳೆಯ ಅನ್ನುವ ವಿನೆ ಸೇರಿದರೆ ಎಡ್ವಿನ್, ಈಟಿ ಅನ್ನುವ ಗಾರ್ ಸೇರಿದರೆ ಎಡ್ಗರ್. ಆಲ್ಫ್ರೆಡ್‌ನಲ್ಲಿ ಇರುವುದು ಎಲ್ಫ್ ಮತ್ತು ಆಲೋಚನೆ. ಎಲ್ಫ್‌ಗೆ ಕನ್ನಡದಲ್ಲಿ ‘ಯಕ್ಷ’ ಅಂದರೆ ಹತ್ತಿರ ಬರುತ್ತದೆ, ‘ಕಿನ್ನರಿ’ ಬೇಡ. ಆಸ್ವಾಲ್ಡ್‌ನಲ್ಲಿ ದೇವರು ಮತ್ತು ಅಧಿಕಾರ, ಕತ್‌ಬರ್ಟ್‌ನಲ್ಲಿ ಪ್ರಸಿದ್ಧ ಮತ್ತು ಪ್ರಕಾಶ.

ಎಲ್ಲ ಪಟ್ಟಿಗಳೂ ಎಡವುವುದು ಇಲ್ಲೇ. ಈ ಎರಡು ತುಂಡುಗಳು ಸೇರಿ ಒಂದು ವಾಕ್ಯ ಆಗಬೇಕು ಅಂತ ಆ ಕಾಲದವರು ಅಂದುಕೊಂಡಿರಲಿಲ್ಲ. ಮನೆತನದ ಗುರುತಿಗೆ ಒಂದು ತುಂಡನ್ನು ಹಾಗೇ ಇಟ್ಟುಕೊಂಡು ಇನ್ನೊಂದನ್ನು ಬದಲಿಸುತ್ತ ಹೋಗುವುದು ಪದ್ಧತಿ. ವೆಸೆಕ್ಸ್‌ನ ರಾಜ ಆ್ಯಥೆಲ್‌ವುಲ್ಫ್‌ನ ಮಕ್ಕಳನ್ನೇ ನೋಡಿ: ಆ್ಯಥೆಲ್‌ಬಾಲ್ಡ್, ಆ್ಯಥೆಲ್‌ಬರ್ಟ್, ಆ್ಯಥೆಲ್‌ರೆಡ್, ಕೊನೆಗೆ ಆಲ್ಫ್ರೆಡ್. ನಾಲ್ವರೂ ಒಬ್ಬರಾದ ಮೇಲೊಬ್ಬರು ಪಟ್ಟಕ್ಕೆ ಬಂದರು, ಆಲ್ಫ್ರೆಡ್ ಆಳಿದ್ದು 871ರಿಂದ 899ರವರೆಗೆ. ‘ಆ್ಯಥೆಲ್’ ಅಂದರೆ ಕುಲೀನ. ಅದು ಬಹುಮಟ್ಟಿಗೆ ಮನೆಯ ಮುದ್ರೆ. ಹಾಗಾಗಿ ವಿಲಿಯಂಗೆ ‘ದೃಢಸಂಕಲ್ಪದ ರಕ್ಷಕ’ ಅಂತ ಸಮಾಸ ಮಾಡಬೇಡಿ. ‘ವಿಲ್ (ಸಂಕಲ್ಪ, ಇಚ್ಛೆ) + ಹೆಲ್ಮ್ (ಶಿರಸ್ತ್ರಾಣ)’ ಅಂತ ಬಿಡಿಬಿಡಿಯಾಗಿ ಬರೆದು ನಿಲ್ಲಿಸಿ.

ತುಂಡುಗಳ ಅರ್ಥ ಜನರ ಕಿವಿಗೆ ಬೀಳುತ್ತಲೇ ಇರಲಿಲ್ಲ ಅಂತಲ್ಲ. ಇನ್ನೊಬ್ಬ ಆ್ಯಥೆಲ್‌ರೆಡ್ 978ರಲ್ಲಿ ಪಟ್ಟಕ್ಕೆ ಬಂದ. ಹೆಸರಿನಲ್ಲಿ ‘ಕುಲೀನ + ಆಲೋಚನೆ’. ಅವನಿಗೆ ಅಂಟಿದ ಅಡ್ಡಹೆಸರು ‘ಉನ್‌ರ‍್ಯಾಡ್’, ಅಂದರೆ ದುರಾಲೋಚನೆ. ಅದೇ ಮುಂದೆ ಇಂಗ್ಲಿಷಿನಲ್ಲಿ ‘ಅನ್‌ರೆಡಿ’ ಅಂತ ಆಗಿ, ‘ಸಿದ್ಧತೆ ಇಲ್ಲದ ರಾಜ’ ಅಂತ ಎಲ್ಲರೂ ತಪ್ಪು ತಿಳಿಯುತ್ತಾರೆ. ಅಸಲಿಗೆ ಅದೊಂದು ಪದಚೇಷ್ಟೆ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಹೆಸರಿನ ಚೀಲವೇ ಬದಲಾಯಿತು. ಅವರು ತಂದ ವಿಲಿಯಂ, ರಾಬರ್ಟ್ (ಕೀರ್ತಿ + ಪ್ರಕಾಶ), ರಿಚರ್ಡ್ (ಅಧಿಕಾರ + ಗಟ್ಟಿ), ಹೆನ್ರಿ (ಮನೆ + ಒಡೆಯ), ರೋಜರ್ (ಕೀರ್ತಿ + ಈಟಿ), ವಾಲ್ಟರ್ (ಆಳ್ವಿಕೆ + ಸೈನ್ಯ), ಹ್ಯೂ (ಮನಸ್ಸು) ಎಲ್ಲವೂ ಮೂಲದಲ್ಲಿ ಜರ್ಮ್ಯಾನಿಕ್ (ಇಂಗ್ಲಿಷ್, ಜರ್ಮನ್ ಸೇರಿದ ಭಾಷಾಗುಂಪು) ಹೆಸರುಗಳೇ, ಆದರೆ ಫ್ರೆಂಚ್ ವೇಷದಲ್ಲಿ ಬಂದವು. ಅದಕ್ಕೇ ‘ಮೂಲ ಭಾಷೆ’ ಕಾಲಂನಲ್ಲಿ ಬರೇ ಫ್ರೆಂಚ್ ಅಂತಲೂ ಬರೆಯಬೇಡಿ, ಬರೇ ಜರ್ಮನ್ ಅಂತಲೂ ಬರೆಯಬೇಡಿ. ‘ಜರ್ಮ್ಯಾನಿಕ್, ನಾರ್ಮನ್ ಫ್ರೆಂಚ್ ಮೂಲಕ’ ಅನ್ನಿ. ಪ್ಯಾರಿಸ್ ಕಡೆಯ ಫ್ರೆಂಚರು ‘ವ’ಕಾರವನ್ನು ‘ಗ’ ಮಾಡಿ ಗಿಯೋಮ್ ಅಂದರು, ನಾರ್ಮನ್ನರು ‘ವ’ವನ್ನೇ ಉಳಿಸಿದರು, ಹಾಗಾಗಿ ಇಂಗ್ಲಿಷಿನಲ್ಲಿ ವಿಲಿಯಂ. ವಾರ್ಡ್ ಮತ್ತು ಗಾರ್ಡ್, ವಾರಂಟಿ ಮತ್ತು ಗ್ಯಾರಂಟಿ ಅನ್ನುವ ಜೋಡಿಗಳು ಹುಟ್ಟಿದ್ದೂ ಇದೇ ಕವಲಿನಲ್ಲಿ.

ಹೊಸ ಹೆಸರುಗಳ ಅಲೆ ಎಷ್ಟು ಜೋರಾಗಿತ್ತೆಂದರೆ, 12ನೇ ಶತಮಾನದ ಕೊನೆಯ ಭಾಗದಲ್ಲಿ ನಾರ್ಮಂಡಿಯ ಬಯೂ ಹತ್ತಿರ ಯುವರಾಜ ಹೆನ್ರಿಯ ಕ್ರಿಸ್‌ಮಸ್ ಔತಣದಲ್ಲಿ, ವಿಲಿಯಂ ಅನ್ನುವ ಹೆಸರಿಲ್ಲದವರೆಲ್ಲ ಈ ಕೋಣೆಯಿಂದ ಏಳಬೇಕು ಅಂದಾಗ 110 ಜನ ನೈಟ್‌ಗಳು ಕೂತೇ ಉಳಿದರು ಅಂತ ಆ ಕಾಲದ ವೃತ್ತಾಂತಕಾರ ಬರೆದಿಟ್ಟಿದ್ದಾನೆ.

ಹಳೆಯ ಸ್ಯಾಕ್ಸನ್ ಹೆಸರುಗಳಲ್ಲಿ ಉಸಿರು ಹಿಡಿದು ಉಳಿದದ್ದು ಕೆಲವೇ. ಎಡ್ವರ್ಡ್ ಉಳಿದದ್ದು ಸಂತ ಪದವಿಯ ಬಲದಿಂದ. ಎಡ್ವರ್ಡ್ ದಿ ಕನ್ಫೆಸರ್‌ಗೆ 1161ರಲ್ಲಿ ಸಂತ ಪದವಿ ಸಿಕ್ಕಿತು. ಅವನ ಪರಮಭಕ್ತನಾದ ರಾಜ ಮೂರನೇ ಹೆನ್ರಿ 1239ರಲ್ಲಿ ಹುಟ್ಟಿದ ಮಗನಿಗೆ ಎಡ್ವರ್ಡ್ ಅಂತಲೂ, 1245ರಲ್ಲಿ ಹುಟ್ಟಿದವನಿಗೆ ಎಡ್ಮಂಡ್ ಅಂತಲೂ ಹೆಸರಿಟ್ಟ. ಆಲ್ಫ್ರೆಡ್, ಎಡ್ಗರ್, ಎಡ್ವಿನ್, ಹೆರಾಲ್ಡ್ ಮುಂತಾದವು ಮೂಲೆ ಸೇರಿದ್ದವು, 19ನೇ ಶತಮಾನದಲ್ಲಿ ಹಳೆಯ ಇತಿಹಾಸದ ಹುಚ್ಚು ಹಿಡಿದಾಗ ಮತ್ತೆ ಎದ್ದು ಬಂದವು. ಆಲ್ಬರ್ಟ್ ಬಂದದ್ದು 1840ರಲ್ಲಿ ವಿಕ್ಟೋರಿಯಾಳನ್ನು ಮದುವೆಯಾದ ಜರ್ಮನ್ ರಾಜಕುಮಾರನ ಜತೆ. ಬಿಡಿಸಿ ನೋಡಿದರೆ ಅದು ಮೇಲೆ ಹೇಳಿದ ಆ್ಯಥೆಲ್‌ಬರ್ಟ್‌ನ ಜರ್ಮನ್ ಅವಳಿಯೇ.

ಬೆಂಗಳೂರಿಗೂ ಒಂದು ಸ್ಯಾಕ್ಸನ್ ಹೆಸರು ಬಂದಿದೆ. ಬೌರಿಂಗ್ ಆಸ್ಪತ್ರೆಯ ಬೌರಿಂಗ್, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವರು. ಅವರ ಮೊದಲ ಹೆಸರು ಲೆವಿನ್. ಅದು ‘ಲೆಓಫ್‌ವಿನೆ’, ಪ್ರಿಯ + ಗೆಳೆಯ. ಅವರಿಗಿಂತ ಮುಂಚಿನ ಕಬ್ಬನ್ ಸಾಹೇಬರ ‘ಮಾರ್ಕ್’ ಲ್ಯಾಟಿನ್ ಹೆಸರು, ಯುದ್ಧದೇವತೆ ಮಾರ್ಸ್‌ಗೆ ಸೇರಿದ್ದು. ಶಾಸನಗಳ ಬಿ. ಎಲ್. ರೈಸ್ ಅವರ ಬೆಂಜಮಿನ್ ಹೀಬ್ರೂ (ಬಲಗೈ + ಮಗ), ಲೂಯಿಸ್ ಜರ್ಮ್ಯಾನಿಕ್ (ಕೀರ್ತಿ + ಕಾಳಗ). ಒಬ್ಬರ ಹೆಸರಿನಲ್ಲೇ ಎರಡು ಪದರ. ಕೋಶಕ್ಕೆ ಇಂಥ ಉದಾಹರಣೆ ಹಾಕಿದರೆ ನಮ್ಮ ಓದುಗರಿಗೆ ನೆನಪಿರುತ್ತದೆ.

ಕುಡ್ಲದ ಕಡಲು

ಬೈಬಲಿನ ಪದರ ನಾನು ಹೇಳುತ್ತೇನೆ. ಇಲ್ಲಿ ಅರ್ಥಕ್ಕಿಂತ ಪ್ರಯಾಣ ಮುಖ್ಯ. ಜಾನ್ ಹೀಬ್ರೂವಿನಲ್ಲಿ ಯೋಹಾನಾನ್, ‘ಯೆಹೋವನು ಕೃಪಾಳು’. ಗ್ರೀಕಿನಲ್ಲಿ ಯೋಆನ್ನೆಸ್, ಲ್ಯಾಟಿನ್ನಿನಲ್ಲಿ ಯೊಹಾನ್ನೆಸ್, ಹಳೆ ಫ್ರೆಂಚಿನಲ್ಲಿ ಜೆಹಾನ್, ಆಮೇಲೆ ಜಾನ್. ಅದೇ ಹೆಸರು ಐರ್ಲೆಂಡಿಗೆ ಹೋಗಿ ಶಾನ್, ಸ್ಕಾಟ್ಲೆಂಡಿನಲ್ಲಿ ಈಯನ್, ವೇಲ್ಸ್‌ನಲ್ಲಿ ಎವನ್, ರಷ್ಯಾದಲ್ಲಿ ಇವಾನ್, ಸ್ಪೇನಿನಲ್ಲಿ ಹುವಾನ್. ಕನ್ನಡದ ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಯೋಹಾನ, ಕಥೋಲಿಕ ಆವೃತ್ತಿಯಲ್ಲಿ ಯೊವಾನ್ನ. ಕೋಶದಲ್ಲಿ ಶಾನ್, ಈಯನ್, ಎವನ್ ಮೂರಕ್ಕೂ ಬೇರೆಬೇರೆ ಅರ್ಥ ಬರೆಯುವ ಅಗತ್ಯ ಇಲ್ಲ, ‘ಜಾನ್ ನೋಡಿ’ ಅಂದರೆ ಸಾಕು.

ಜೇಮ್ಸ್ ಮತ್ತು ಜೇಕಬ್ ಒಂದೇ ಹೌದು. ಹೀಬ್ರೂ ಯಾಕೋಬ್, ಲ್ಯಾಟಿನ್ ಯಾಕೋಬುಸ್. ಜನರ ಬಾಯಲ್ಲಿ ‘ಬ’ ಹೋಗಿ ‘ಮ’ ಬಂದು ಯಾಕೊಮುಸ್ ಆಯಿತು, ಅದರಿಂದ ಹಳೆ ಫ್ರೆಂಚಿನಲ್ಲಿ ಜೇಮ್ಸ್. ಇಂಗ್ಲಿಷ್ ಬೈಬಲಿನಲ್ಲಿ ಹಳೆ ಒಡಂಬಡಿಕೆಯವನು ಜೇಕಬ್, ಹೊಸ ಒಡಂಬಡಿಕೆಯ ಅಪೊಸ್ತಲ ಜೇಮ್ಸ್. ನಮ್ಮ ಕನ್ನಡ ಬೈಬಲಿನಲ್ಲಿ ಇಬ್ಬರೂ ಯಾಕೋಬನೇ. ಈ ಮಟ್ಟಿಗೆ ಕನ್ನಡವೇ ಮೂಲಕ್ಕೆ ನಿಷ್ಠವಾಗಿದೆ. 1688ರಲ್ಲಿ ಗದ್ದುಗೆ ಕಳೆದುಕೊಂಡ ರಾಜ ಎರಡನೇ ಜೇಮ್ಸ್‌ನ ಕಡೆಯವರನ್ನು ಜಾಕೊಬೈಟರು ಅನ್ನುವುದು ಯಾಕೆ ಅಂತ ತಲೆ ಕೆರೆದುಕೊಳ್ಳುವವರಿಗೂ ಉತ್ತರ ಇದೇ.

ಹಾಗೇ ಜಾಶುವಾ ಮತ್ತು ಯೇಸು ಕೂಡ ಒಂದೇ ಹೆಸರಿನ ಎರಡು ದಾರಿ. ಸ್ಪೇನಿನವರು ಮಕ್ಕಳಿಗೆ ಹೆಸೂಸ್ ಅಂತ ಇಡುತ್ತಾರೆ, ಇಂಗ್ಲಿಷರು ಜಾಶುವಾ ಅಂತ ಇಟ್ಟುಕೊಂಡು ಇನ್ನೊಂದನ್ನು ಮುಟ್ಟುವುದಿಲ್ಲ.

ಬೈಬಲಿನ ರೂಪ ಖಂಡಿತ ಕೊಡಿ. ಪೀಟರ್ ಎದುರು ಪೇತ್ರ, ಆಂಡ್ರ್ಯೂ ಎದುರು ಅಂದ್ರೆಯ, ಮ್ಯಾಥ್ಯೂ ಎದುರು ಮತ್ತಾಯ, ಲ್ಯೂಕ್ ಎದುರು ಲೂಕ, ಸ್ಟೀವನ್ ಎದುರು ಸ್ತೆಫನ, ಥಾಮಸ್ ಎದುರು ತೋಮ. ಥಾಮಸ್ ಮೂಲತಃ ಹೆಸರೇ ಅಲ್ಲ, ಅರಮಾಯಿಕ್‌ನಲ್ಲಿ ‘ಅವಳಿ’ ಅನ್ನುವ ಮಾತು. ಇಂಗ್ಲೆಂಡಿನಲ್ಲಿ ಅದು ಮನೆಮನೆಯ ಹೆಸರಾಗಲು ಕಾರಣ ಅಪೊಸ್ತಲನಿಗಿಂತ ಹೆಚ್ಚಾಗಿ ಥಾಮಸ್ ಬೆಕೆಟ್. ಕ್ಯಾಂಟರ್ಬರಿಯ ಆರ್ಚ್‌ಬಿಷಪ್, 1170ರ ಡಿಸೆಂಬರ್ 29ರಂದು ತನ್ನ ಕಥೀಡ್ರಲ್‌ನಲ್ಲೇ ಕೊಲೆಯಾದವನು.

ಜಾರ್ಜ್ ಗ್ರೀಕ್: ಭೂಮಿ + ಕೆಲಸ, ಅಂದರೆ ನೇರವಾಗಿ ಬೇಸಾಯಗಾರ. ಸಂತ ಜಾರ್ಜ್ ಇಂಗ್ಲೆಂಡಿನ ಪಾಲಕ ಸಂತ ಆಗಿದ್ದರೂ ಆ ಹೆಸರು ಅಲ್ಲಿ ನಿಜಕ್ಕೂ ಹಬ್ಬಿದ್ದು 1714ರಲ್ಲಿ ಹ್ಯಾನೋವರ್‌ನ ಜಾರ್ಜರು ಪಟ್ಟಕ್ಕೆ ಬಂದ ಮೇಲೆ. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಹುಟ್ಟಿದ್ದು 1930ರ ಜೂನ್ 3ರಂದು, ರಾಜ ಐದನೇ ಜಾರ್ಜ್ ಹುಟ್ಟಿದ ದಿನವೂ ಜೂನ್ 3. ತಾಯಿಗೆ ಆ ರಾಜನ ಮೇಲೆ ಅಭಿಮಾನ, ಹಾಗಾಗಿ ಆ ಹೆಸರು. ರೈಲು ನಿಲ್ಲಿಸಿದ ಕಾರ್ಮಿಕ ನಾಯಕನಿಗೆ ಚಕ್ರವರ್ತಿಯ ಹೆಸರು!

ಕರಾವಳಿಯಲ್ಲಿ ಸಾಮಾನ್ಯವಾಗಿ ಕೇಳುವ ಸ್ಟ್ಯಾನ್ಲಿ, ವಿಲ್ಸನ್, ನೆಲ್ಸನ್, ಕ್ಲಿಫರ್ಡ್ ಇವೆಲ್ಲ ಇಂಗ್ಲೆಂಡಿನಲ್ಲಿ ಮನೆತನದ ಹೆಸರಾಗಿದ್ದು ಆಮೇಲೆ ಮೊದಲ ಹೆಸರಾದವು. ಕ್ಲಿಫರ್ಡ್ ಅಂದರೆ ಕಡಿದಾದ ದಡ + ಹೊಳೆ ದಾಟುವ ಕಡವು. ಸ್ಟ್ಯಾನ್ಲಿ ಅಂದರೆ ಕಲ್ಲು + ಕಾಡು ಕಡಿದ ಬಯಲು. ಅದೇ ‘ಲಿ’ ಆ್ಯಶ್ಲಿ, ಬ್ರ್ಯಾಡ್ಲಿ, ವೆಸ್ಲಿಗಳಲ್ಲೂ ಇದೆ. ನಮ್ಮಲ್ಲಿ ಯಾರಾದರೂ ಮಗುವಿಗೆ ‘ಕಲ್ಲಹಳ್ಳಿ’ ಅಂತ ಹೆಸರಿಟ್ಟ ಹಾಗೆ. ವೆಸ್ಲಿ ಹಬ್ಬಿದ್ದು ಊರಿಂದಲ್ಲ, ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯಿಂದ. ಆ ಪಂಥದ ಮಿಷನ್ ಮೈಸೂರು ಸೀಮೆಯಲ್ಲಿ ಇದ್ದುದರಿಂದ ಆ ಹೆಸರು ಅತ್ತ ಕಡೆಯೂ ಇದೆ. ಆಲ್ವಿನ್ ಮಾತ್ರ ಅಸಲಿ ಸ್ಯಾಕ್ಸನ್ ಮೊದಲ ಹೆಸರು, ಅದರಲ್ಲೂ ಬೇರುಬಿಳಲು ಹೇಳಿದ ಆ ‘ವಿನೆ’, ಗೆಳೆಯ, ಇದ್ದಾನೆ.

ನಿಘಂಟುಪ್ರಿಯ

ತುಂಬ ಉಪಕಾರ ಆಯಿತು. ಬಿಲ್, ಡಿಕ್, ಜ್ಯಾಕ್ ವಿಷಯ ಮಾತ್ರ ಬಾಕಿ. ಜ್ಯಾಕ್ ಅನ್ನುವುದು ಫ್ರೆಂಚಿನ ಜಾಕ್‌ನಿಂದ ಬಂದದ್ದಲ್ಲವೇ? ಹಾಗಾದರೆ ಅದು ಜೇಮ್ಸ್‌ನ ಮುದ್ದುಹೆಸರು ಆಗಬೇಕಿತ್ತು, ಎಲ್ಲ ಕಡೆ ಜಾನ್ ಅಂತ ಕೊಟ್ಟಿದ್ದಾರೆ.

ಬೇರುಬಿಳಲು

ಜಾನ್ ಸರಿ. ಮಧ್ಯಯುಗದಲ್ಲಿ ಜಾನ್‌ಗೆ ಜ್ಯಾನ್ ಅಂತ ಒಂದು ರೂಪ. ಅದಕ್ಕೆ ‘ಕಿನ್’ ಅನ್ನುವ ಮುದ್ದುಪ್ರತ್ಯಯ ಸೇರಿ ಜ್ಯಾನ್‌ಕಿನ್, ಮೂಗಿನ ಧ್ವನಿ ಹೋಗಿ ಜ್ಯಾಕಿನ್, ಬಾಲ ಉದುರಿ ಜ್ಯಾಕ್. ಫ್ರೆಂಚ್ ಜಾಕ್ ಜತೆ ಇರುವುದು ಬರೇ ಧ್ವನಿಸಾಮ್ಯ.

ಉಳಿದವು ಪ್ರಾಸದ ಆಟ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹೆಸರುಗಳ ಚೀಲ ಚಿಕ್ಕದು, ಒಂದೇ ಹಳ್ಳಿಯಲ್ಲಿ ಹತ್ತು ರಾಬರ್ಟ್, ಹದಿನೈದು ಜಾನ್. ಗುರುತಿಗೆ ಮೊದಲು ಹೆಸರನ್ನು ಮೊಟಕು ಮಾಡಿದರು, ಆಮೇಲೆ ಮೊದಲ ವ್ಯಂಜನ ಬದಲಿಸಿದರು. ರಾಬರ್ಟ್‌ನಿಂದ ರಾಬ್, ಅದರಿಂದ ಹಾಬ್, ಡಾಬ್, ಬಾಬ್. ರಿಚರ್ಡ್‌ನಿಂದ ರಿಕ್, ಅದರಿಂದ ಹಿಕ್, ಡಿಕ್. ರೋಜರ್‌ನಿಂದ ಹಾಜ್, ಡಾಜ್. ವಿಲ್‌ನಿಂದ ಬಿಲ್ ಬಂದದ್ದು ಇವೆಲ್ಲಕ್ಕಿಂತ ತಡವಾಗಿ. ಕೃಷ್ಣ ಕಿಟ್ಟಿ ಆಗುವ, ಶ್ರೀನಿವಾಸ ಸೀನ ಆಗುವ, ನಾರಾಯಣ ನಾಣಿ ಆಗುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಎಡ್ವರ್ಡ್ ನೆಡ್ ಆದದ್ದು ಬೇರೆ ರೀತಿ. ಮಧ್ಯಯುಗದ ಇಂಗ್ಲಿಷಿನಲ್ಲಿ ಸ್ವರದ ಮುಂದೆ ‘ನನ್ನ’ ಅನ್ನುವುದಕ್ಕೆ ‘ಮೈನ್’. ‘ಮೈನ್ ಎಡ್’ ಅನ್ನುವುದನ್ನು ಜನ ‘ಮೈ ನೆಡ್’ ಅಂತ ಒಡೆದು ಕೇಳಿಸಿಕೊಂಡರು. ಹ್ಯಾರಿ ಅಂತೂ ಹೆನ್ರಿಯ ಮುದ್ದುಹೆಸರು ಅನ್ನುವುದಕ್ಕಿಂತ ಅದರ ಇಂಗ್ಲಿಷ್ ಉಚ್ಚಾರಣೆಯೇ. ಫ್ರೆಂಚಿನ ಮೂಗುಸ್ವರ ಇಂಗ್ಲಿಷರ ಬಾಯಿಗೆ ಹತ್ತದೆ ಹೆರ್ರಿ ಆಯಿತು, ‘ಎರ್’ ಹೋಗಿ ‘ಅರ್’ ಆಗುವ ಆ ಕಾಲದ ವಾಡಿಕೆಯಂತೆ ಹ್ಯಾರಿ ಆಯಿತು. ಕ್ಲರ್ಕ್ ಅನ್ನುವುದನ್ನು ಇಂಗ್ಲೆಂಡಿನವರು ಕ್ಲಾರ್ಕ್ ಅನ್ನುವುದೂ ಇದೇ ವಾಡಿಕೆ.

ವಾಲ್ಟರ್‌ನಲ್ಲಿ ‘ಲ’ಕಾರ ಆಗ ಉಚ್ಚಾರಣೆಯಲ್ಲಿ ಇರಲೇ ಇಲ್ಲ, ವಾಟರ್ ಅಂತಲೇ ಕರೆಯುತ್ತಿದ್ದರು. ಹಾಗಾಗಿ ಮುದ್ದುಹೆಸರು ವಾಟ್. 1381ರ ರೈತಬಂಡಾಯದ ವಾಟ್ ಟೈಲರ್ ಅಂದರೆ ಹೆಂಚು ಹೊದಿಸುವ ವಾಲ್ಟರ್.

ಮುದ್ದುಹೆಸರುಗಳನ್ನು ಕೋಶದಿಂದ ಬಿಡಬೇಡಿ, ಯಾಕೆಂದರೆ ಇಂದಿನ ಅಡ್ಡಹೆಸರುಗಳಲ್ಲಿ, ಅಂದರೆ ಮನೆತನದ ಹೆಸರುಗಳಲ್ಲಿ, ಎಷ್ಟೋ ಅವುಗಳಿಂದಲೇ ಕಟ್ಟಿದ್ದು. ಹಾಬ್‌ನಿಂದ ಹಾಬ್ಸನ್, ಹಾಪ್ಕಿನ್ಸ್. ಡಿಕ್‌ನಿಂದ ಡಿಕ್ಸನ್, ಡಿಕನ್ಸ್. ಹಾಜ್‌ನಿಂದ ಹಾಜ್ಸನ್. ವಾಟ್‌ನಿಂದ ವಾಟ್ಸನ್, ವಾಟ್ಕಿನ್ಸ್. ನಿಕಲಸ್‌ನ ನಿಕ್‌ನಿಂದ ನಿಕ್ಸನ್. ಡೇವಿಡ್‌ನ ಹಳೆ ಮುದ್ದುಹೆಸರು ಡಾ, ಅದರಿಂದ ಡಾಸನ್. ಆ್ಯಡಮ್‌ನಿಂದ ಆ್ಯಟ್ಕಿನ್ಸ್. ಈಗ ಜ್ಯಾಕ್ಸನ್, ಹ್ಯಾರಿಸನ್, ಡಾಸನ್ ಮತ್ತೆ ಮೊದಲ ಹೆಸರಾಗಿ ಮಕ್ಕಳಿಗೆ ಬರುತ್ತಿವೆ. ಹೆಸರು ಅಡ್ಡಹೆಸರಾಗಿ ತಿರುಗಿ ಹೆಸರಾಯಿತು. ಅಂಥವಕ್ಕೆ ‘ಅರ್ಥ’ ಬರೆಯುವಾಗ ‘ಜ್ಯಾಕ್‌ನ ಮಗ’ ಅಂತಷ್ಟೇ ಬರೆದು ಜಾನ್ ಕಡೆ ಕೈ ತೋರಿಸಿ. ‘ದೇವರ ಕೃಪೆಯ ಮಗ’ ಅಂತ ಎಳೆಯುವುದು ಬೇಡ.

ಮೇಷ್ಟ್ರು_ಉಚ್ಚಾರಣೆ

ಬರೆಯುವ ರೂಪದ ಬಗ್ಗೆ ನಾಲ್ಕು ಮಾತು.

ಕಣ್ಣಿನಿಂದ ಬರೆಯಬೇಡಿ, ಕಿವಿಯಿಂದ ಬರೆಯಿರಿ. ಜಿಯೋಫ್ರಿ ಅಲ್ಲ, ಜೆಫ್ರಿ. ಹಗ್ ಅಲ್ಲ, ಹ್ಯೂ. ಸೀನ್ ಅಲ್ಲ, ಶಾನ್. ಗ್ರಹಾಂ ಅಲ್ಲ, ಗ್ರೇಯಮ್. ಇಯಾನ್ ಅಲ್ಲ, ಈಯನ್. ಸ್ಟೀಫನ್ ಅಂತ ನಮ್ಮಲ್ಲಿ ರೂಢಿ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸ್ಟೀವನ್. ಆಂಥನಿ ಇಂಗ್ಲೆಂಡಿನಲ್ಲಿ ಆ್ಯಂಟನಿ, ಅಮೆರಿಕದಲ್ಲಿ ಆ್ಯಂಥನಿ. ಸೇಂಟ್ ಜಾನ್ ಅನ್ನುವುದು ಮೊದಲ ಹೆಸರಾಗಿ ಬಂದರೆ ಅದರ ಉಚ್ಚಾರ ಸಿಂಜನ್. ರಾಲ್ಫ್‌ಗೆ ಇಂಗ್ಲೆಂಡಿನಲ್ಲಿ ರೇಫ್ ಅನ್ನುವ ಹಳೆಯ ಉಚ್ಚಾರವೂ ಜೀವಂತ ಇದೆ, ಸಂಗೀತ ಸಂಯೋಜಕ ವಾನ್ ವಿಲಿಯಮ್ಸ್ ರೇಫ್ ಅಂತಲೇ ಕರೆಸಿಕೊಳ್ಳುತ್ತಿದ್ದರು.

ಆದರೆ ಕನ್ನಡದಲ್ಲಿ ಬೇರು ಬಿಟ್ಟ ರೂಪ ಇದ್ದರೆ ಅದನ್ನು ಕೀಳಬೇಡಿ. ಉಚ್ಚಾರಣೆಗೆ ಟಾಮಸ್ ಸರಿ, ಆದರೆ ಥಾಮಸ್ ಮನ್ರೋ ಅವರನ್ನು ಈಗ ಟಾಮಸ್ ಮಾಡಿದರೆ ಯಾರೂ ಗುರುತು ಹಿಡಿಯುವುದಿಲ್ಲ. ಮುಖ್ಯ ನಮೂದು ರೂಢಿಯ ರೂಪದಲ್ಲಿ ಇರಲಿ, ಪಕ್ಕದಲ್ಲಿ ಉಚ್ಚಾರ ಬರೆಯಿರಿ.

‘ಆ್ಯ’ ಸಂಗತಿ ಮೊದಲೇ ತೀರ್ಮಾನಿಸಿ. ಕಂಪ್ಯೂಟರ್ ಅಕಾರಾದಿ ಮಾಡಿದಾಗ ಆ್ಯಡಮ್, ಆ್ಯಲನ್ ಎಲ್ಲ ‘ಆ’ದ ಕೆಳಗೆ ಹೋಗಿ ಕೂರುತ್ತವೆ. ನೀವು ಒಂದು ಕಡೆ ಆ್ಯಲನ್, ಇನ್ನೊಂದು ಕಡೆ ಅಲನ್ ಅಂತ ಬರೆದರೆ ಒಂದೇ ಹೆಸರು ಎರಡು ಕಡೆ ಬರುತ್ತದೆ. 200 ನಮೂದಿನಲ್ಲಿ ಇಂಥವು ಕಣ್ಣು ತಪ್ಪುವುದು ಸುಲಭ.

ಕೊನೆಯದು: ‘ವಿಲಿಯಂ’ ಸೊನ್ನೆಯಲ್ಲಿ ಮುಗಿಸಿದರೆ ವಿಭಕ್ತಿ ಹಚ್ಚುವಾಗ ವಿಲಿಯಂನ, ವಿಲಿಯಂಗೆ ಅಂತ ಹೋಗುತ್ತದೆ, ಚೆನ್ನಾಗಿದೆ. ‘ವಿಲಿಯಮ್’ ಅಂತ ಬರೆದು ಸಂಧಿ ಮಾಡಲು ಹೋದರೆ ವಿಲಿಯಮ್ಮ ಹುಟ್ಟುತ್ತಾಳೆ.

ಬೇರುಬಿಳಲು

ಮೇಷ್ಟ್ರೇ, ಗ್ರೇಯಮ್ಮನೂ ಬರುತ್ತಾಳೆ ಹಾಗಾದರೆ!

ನಿಘಂಟುಪ್ರಿಯ ಅವರ ಮೊದಲ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ನೈಜಲ್ ಅನ್ನುವುದು ನೀಲ್ ಹೆಸರನ್ನು ದಾಖಲೆಗಳಲ್ಲಿ ಲ್ಯಾಟಿನ್ ಮಾಡಿದ ರೂಪ, ನಿಗೆಲ್ಲುಸ್. ಬರೆಯುವ ಗುಮಾಸ್ತರಿಗೆ ಲ್ಯಾಟಿನ್ನಿನ ‘ನಿಗೆರ್’, ಕಪ್ಪು, ನೆನಪಾಯಿತು, ಅಷ್ಟೇ. ಹಾಗಾಗಿ ‘ಕಪ್ಪು’ ಅನ್ನುವುದು ಕಾಗುಣಿತಕ್ಕೆ ಅಂಟಿದ ಬಣ್ಣ, ಹೆಸರಿನ ಬೇರಲ್ಲ. ನೀಲ್‌ನ ಐರಿಷ್ ಮೂಲ ನೀಯಲ್. ಅದಕ್ಕೆ ‘ವೀರ’ ಅಂತಲೂ ‘ಮೋಡ’ ಅಂತಲೂ ವಿದ್ವಾಂಸರಲ್ಲಿ ಎರಡು ಮತ ಇದೆ, ಎರಡನ್ನೂ ಕೊಡಿ. ಆಲಿವರ್ ಫ್ರೆಂಚ್ ವೀರಗಾಥೆಗಳ ಒಲಿವಿಯೇ. ಇಂದಿನ ರೂಪಕ್ಕೆ ಆಲಿವ್ ಮರದ ಪ್ರಭಾವ ಇದೆ, ಅದರಡಿ ಒಂದು ಜರ್ಮ್ಯಾನಿಕ್ ಇಲ್ಲವೇ ನಾರ್ಸ್ (ಹಳೆಯ ಸ್ಕ್ಯಾಂಡಿನೇವಿಯದ ಭಾಷೆ) ಹೆಸರು ಇರಬಹುದೆಂಬ ಊಹೆ ಇದೆ. ‘ರೂಪದ ಮೇಲೆ ಆಲಿವ್‌ನ ಪ್ರಭಾವ’ ಅನ್ನುವ ಮಾತು ಸಾಕು. ಜೇಡನ್‌ಗೆ ಬೇರು ಹುಡುಕುವುದು ವ್ಯರ್ಥ. ಐಡನ್ ಅನ್ನುವುದು ನಿಜವಾದ ಐರಿಷ್ ಹೆಸರು, ‘ಪುಟ್ಟ ಬೆಂಕಿ’. ಅದಕ್ಕೆ ಪ್ರಾಸವಾಗಿ ಜೇಡನ್, ಬ್ರೇಡನ್, ಕೇಡನ್ ಅಂತ ಅಮೆರಿಕದಲ್ಲಿ ಸಾಲು ಹೆಸರುಗಳು ಇತ್ತೀಚೆಗೆ ಹಬ್ಬಿದವು. ‘ಆಧುನಿಕ, ಧ್ವನಿಗಾಗಿ ಆದದ್ದು’ ಅಂತ ಬರೆಯಲು ಮುಜುಗರ ಬೇಡ.

ಅರ್ಥ ನೋಡಿ ಹೆಸರಿಡುವ ನಮ್ಮವರಿಗೆ ಕೆಲವು ನಮೂದು ಇರುಸುಮುರುಸು ತರುತ್ತವೆ. ಕ್ಲಾಡ್‌ನ ಬೇರು ‘ಕುಂಟ’, ಕ್ಯಾಲ್ವಿನ್‌ನದು ‘ಬೋಳುತಲೆ’, ಕ್ಯಾಮರನ್ ‘ಸೊಟ್ಟ ಮೂಗು’, ಪಾಲ್ ‘ಚಿಕ್ಕವನು’. ಮರೆಮಾಚದೆ ಬರೆಯಿರಿ. ಇಂಗ್ಲಿಷ್ ಕಿವಿಗೆ ಇವು ಯಾವುವೂ ಕೇಳಿಸುವುದಿಲ್ಲ. ಅಲ್ಲಿ ಹೆಸರಿಡುವುದು ಅಜ್ಜನ ನೆನಪಿಗೆ, ಸಂತನ ಹೆಸರಿಗೆ, ಇಲ್ಲವೇ ಕಿವಿಗೆ ಇಂಪು ಅಂತ. ಪೀಟರ್ ಅಂತ ಕರೆದಾಗ ಯಾರಿಗೂ ಬಂಡೆ ನೆನಪಾಗುವುದಿಲ್ಲ. ಕೋಶದ ಮುನ್ನುಡಿಯಲ್ಲಿ ಈ ಒಂದು ಮಾತು ಹೇಳಿದರೆ ಸಾಕು.

ಇನ್ನೊಂದು. ಸಂಸ್ಕೃತದ ನಂಟು ತೋರಿಸುವ ಆಸೆ ಬಂದೇ ಬರುತ್ತದೆ, ತೋರಿಸಿ, ಆದರೆ ಗಟ್ಟಿ ಇರುವಲ್ಲಿ ಮಾತ್ರ. ರಿಚರ್ಡ್, ಹೆನ್ರಿ, ಫ್ರೆಡರಿಕ್ ಒಳಗಿನ ‘ರಿಕ್’ ನಮ್ಮ ರಾಜನ್‌ನ ದಾಯಾದಿ. ರಾಲ್ಫ್, ರುಡಾಲ್ಫ್ ಬಾಲದಲ್ಲಿರುವುದು ವುಲ್ಫ್, ತೋಳ, ಸಂಸ್ಕೃತದ ವೃಕ. ಅಂದರೆ ನಮ್ಮ ವೃಕೋದರ ಭೀಮನ ಹೆಸರಿನ ಅರ್ಧ ಅಲ್ಲಿದೆ. ಆಂಡ್ರ್ಯೂ ಮತ್ತು ಅಲೆಕ್ಸಾಂಡರ್ ಎರಡರಲ್ಲೂ ಇರುವ ‘ಆಂಡ್ರ್’ ನಮ್ಮ ನರ. ಫಿಲಿಪ್ ಅಂದರೆ ಕುದುರೆ ಪ್ರಿಯ, ಅವನ ‘ಹಿಪ್ಪೋಸ್’ ನಮ್ಮ ಅಶ್ವ. ಯೂಜೀನ್‌ನ ‘ಜೀನ್’ ನಮ್ಮ ಜನ್ ಧಾತು. ಎಚ್ಚರಿಕೆ ಥಿಯೋಡೋರ್ ಬಗ್ಗೆ: ಅರ್ಥದಲ್ಲಿ ಅದು ದೇವದತ್ತನಿಗೆ ತೀರ ಹತ್ತಿರ, ‘ಡೋರೋನ್’ ಮತ್ತು ದಾನ ಒಂದೇ ಬೇರು, ಆದರೆ ಗ್ರೀಕಿನ ಥಿಯೋಸ್‌ಗೂ ನಮ್ಮ ದೇವನಿಗೂ ನಂಟಿಲ್ಲ. ದೇವನ ನಂಟು ಲ್ಯಾಟಿನ್ನಿನ ದೇಉಸ್ ಜತೆ. ಹೀಬ್ರೂ ಹೆಸರುಗಳಲ್ಲಂತೂ ಸಂಸ್ಕೃತ ಹುಡುಕಲೇಬೇಡಿ, ಅದು ಬೇರೆಯೇ ಭಾಷಾಕುಟುಂಬ.

ಎಣಿಕೆಗಾರ

ಅನುವಾದಕರಿಗೆ, ಕಥೆ ಬರೆಯುವವರಿಗೆ ಕೋಶ ಅಂದಿರಿ. ಹಾಗಾದರೆ ಹೆಸರಿನ ಕಾಲವೂ ಬೇಕು. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದ ಈಚಿನ ಪಟ್ಟಿ ಕೊಡುತ್ತದೆ, ವರ್ಷಕ್ಕೆ 5ಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಅದರಲ್ಲಿ ಇರುವುದಿಲ್ಲ. ಅಲ್ಲಿ 1923ರವರೆಗೆ ಮೊದಲ ಸ್ಥಾನ ಜಾನ್‌ನದು. 1954ರಿಂದ 1998ರವರೆಗೆ ಮೈಕಲ್, ನಡುವೆ 1960 ಒಂದು ವರ್ಷ ಮಾತ್ರ ಡೇವಿಡ್. 1999ರಿಂದ 2012 ಜೇಕಬ್, ಆಮೇಲೆ ನಾಲ್ಕು ವರ್ಷ ನೋವಾ, 2017ರಿಂದ ಲಿಯಮ್. ಈ ಲಿಯಮ್ ಐರಿಷ್ ಉಲಿಯಮ್‌ನ ಬಾಲ, ಅಂದರೆ ಅದೇ ಹಳೆಯ ವಿಲಿಯಂ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಪಟ್ಟಿಯನ್ನು ಅಲ್ಲಿನ ಅಂಕಿಅಂಶ ಕಚೇರಿ ಕೊಡುತ್ತದೆ. 2023ರಲ್ಲಿ ಮೊದಲನೆಯದು ಮುಹಮ್ಮದ್, ಆಮೇಲೆ ನೋವಾ, ಆಲಿವರ್. ಗಮನಿಸಿ, ಆ ಕಚೇರಿ ಕಾಗುಣಿತ ಬೇರೆಯಾದರೆ ಬೇರೆ ಹೆಸರು ಅಂತಲೇ ಎಣಿಸುತ್ತದೆ. ಮುಹಮ್ಮದ್, ಮೊಹಮ್ಮದ್ ಬೇರೆಬೇರೆ ಸಾಲು.

ಲಂಡನ್ನಿನ ಇಪ್ಪತ್ತು ವರ್ಷದ ಹುಡುಗನಿಗೆ ಕಥೆಯಲ್ಲಿ ನೈಜಲ್ ಅಂತ ಹೆಸರಿಟ್ಟರೆ, ನಮ್ಮಲ್ಲಿ ಕಾಲೇಜು ಹುಡುಗನಿಗೆ ಗುಂಡಪ್ಪ ಅಂತ ಇಟ್ಟ ಹಾಗೆ.

ಲಿಂಗವನ್ನೂ ನಮೂದಿಸಿ. ಶರ್ಲಿ ಮೊದಲು ಗಂಡು ಹೆಸರು, ಶಾರ್ಲೆಟ್ ಬ್ರಾಂಟಿಯ 1849ರ ಕಾದಂಬರಿಯ ನಂತರ ಹೆಣ್ಣಿನದಾಯಿತು. ಲೆಸ್ಲಿ, ಎವಲಿನ್, ಆ್ಯಶ್ಲಿ, ಬೆವರ್ಲಿ ಕೂಡ ಅದೇ ದಾರಿ ಹಿಡಿದವು. ಹಳೆಯ ಪುಸ್ತಕದಲ್ಲಿ ಎವಲಿನ್ ಅಂತ ಕಂಡರೆ ‘ಅವಳು’ ಅಂತ ಅನುವಾದಿಸುವ ಮೊದಲು ಎರಡು ಪುಟ ಮುಂದೆ ಓದಿ.

ನಿಘಂಟುಪ್ರಿಯ

ಎಲ್ಲರ ಸಲಹೆ ಸೇರಿಸಿ ಮಾದರಿಗೆ ಎರಡು ನಮೂದು ಹಾಕುತ್ತಿದ್ದೇನೆ, ತಿದ್ದಿ.

ವಾಲ್ಟರ್: ಜರ್ಮ್ಯಾನಿಕ್, ನಾರ್ಮನ್ ಫ್ರೆಂಚ್ ಮೂಲಕ, 1066ರ ನಂತರ. ವಾಲ್ಡ್ (ಆಳ್ವಿಕೆ) + ಹಾರಿ (ಸೈನ್ಯ). ಮುದ್ದುರೂಪ ವಾಟ್, ವಾಲಿ. ಇದರಿಂದ ವಾಟ್ಸನ್, ವಾಟ್ಕಿನ್ಸ್. ಬೈಬಲ್ ರೂಪ ಇಲ್ಲ.

ಆಸ್ಕರ್: ಹಳೆಯ ಇಂಗ್ಲಿಷ್. ಆಸ್ (ದೇವರು) + ಗಾರ್ (ಈಟಿ). ಬೈಬಲ್ ರೂಪ ಇಲ್ಲ.

ಬೇರುಬಿಳಲು

ವಾಲ್ಟರ್ ಅಚ್ಚುಕಟ್ಟು. ಆಸ್ಕರ್ ತಿದ್ದಬೇಕು. ಆಸ್‌ಗಾರ್ ಅನ್ನುವ ಸ್ಯಾಕ್ಸನ್ ಹೆಸರು ಇದ್ದದ್ದು ನಿಜ, ಆದರೆ ಇಂದಿನ ಆಸ್ಕರ್ ಅಲ್ಲಿಂದ ನಡೆದು ಬಂದದ್ದಲ್ಲ. ಜೇಮ್ಸ್ ಮ್ಯಾಕ್‌ಫರ್ಸನ್ 1760ರ ದಶಕದಲ್ಲಿ ಪ್ರಕಟಿಸಿದ ಓಸಿಯನ್ ಕಾವ್ಯಗಳಲ್ಲಿ ಆಸ್ಕರ್ ಒಬ್ಬ ವೀರ, ಓಸಿಯನ್‌ನ ಮಗ. ಮೂಲ ಐರಿಷ್ ಕಥೆಗಳದು. ಬೇರು ಓಸ್ (ಜಿಂಕೆ) + ಕಾರಾ (ಗೆಳೆಯ) ಅಂತ ಹೇಳುತ್ತಾರೆ. ನೆಪೋಲಿಯನ್‌ಗೆ ಆ ಕಾವ್ಯ ಅಂದರೆ ಪ್ರಾಣ. ಅವನ ಸೇನಾನಿ ಬರ್ನಡಾಟ್‌ನ ಮಗ 1799ರಲ್ಲಿ ಹುಟ್ಟಿದಾಗ ನೆಪೋಲಿಯನ್ನೇ ಧರ್ಮಪಿತ, ಮಗುವಿಗೆ ಆಸ್ಕರ್ ಅಂತ ಹೆಸರಾಯಿತು. ಮುಂದೆ ಬರ್ನಡಾಟ್ ಸ್ವೀಡನ್ನಿನ ದೊರೆಯಾದ, ಆ ಮಗು 1844ರಲ್ಲಿ ಮೊದಲನೇ ಆಸ್ಕರ್ ಅಂತ ಪಟ್ಟಕ್ಕೇರಿತು. ಹೆಸರು ಯುರೋಪಿಗೆಲ್ಲ ಹಬ್ಬಿದ್ದು ಆ ಅರಮನೆಯಿಂದ. ನಮೂದಿನಲ್ಲಿ ಐರಿಷ್ ಮೊದಲು ಬರೆದು, ಹಳೆಯ ಇಂಗ್ಲಿಷಿನ ಆಸ್‌ಗಾರ್ ಬೇರೆ ಹೆಸರು ಅಂತ ಒಂದು ಸಾಲು ಸೇರಿಸಿ.

ಕುಡ್ಲದ ಕಡಲು

ಉಡುಪಿಯ ಆಸ್ಕರ್ ಫರ್ನಾಂಡಿಸ್ ಅವರನ್ನೂ ಉದಾಹರಣೆಗೆ ಹಾಕಿ. ಕನ್ನಡದವರಿಗೆ ಸಿನಿಮಾ ಪ್ರಶಸ್ತಿಗಿಂತ ಮೊದಲು ನೆನಪಾಗುವ ಆಸ್ಕರ್ ಅವರೇ.

ನಿಘಂಟುಪ್ರಿಯ

ತಿದ್ದಿದೆ, ಸೇರಿಸಿದೆ. ಇನ್ನು ‘ಎಡ್’ನಿಂದ ಶುರುವಾಗುವ ಏಳು ಹೆಸರನ್ನು ಒಂದೇ ಕಡೆ ಇಟ್ಟು, ಏಆಡ್ ತುಂಡಿನ ವಿವರಣೆ ಒಮ್ಮೆ ಮಾತ್ರ ಕೊಡುತ್ತೇನೆ. ನಾಳೆ ಆ ಪುಟ ಹಾಕುತ್ತೇನೆ, ಕಣ್ಣಾಡಿಸಿ.